ಎರಡು ಕಾರುಗಳು, ಒಂದು ಬೆಟ್ಟ

ಚಿಕ್ಕಬಳ್ಳಾಪುರದಲ್ಲಿ ಭೌತವಿಜ್ಞಾನವನ್ನು ಬೋಧಿಸುವವರಿಗೆ ಒಂದು ಅನುಕೂಲವುಂಟು, ಒಂದು ತೊಂದರೆಯೂ ಉಂಟು. ತರಗತಿಯ ಕಿಟಕಿಯಾಚೆ ನಂದಿಬೆಟ್ಟಗಳ ಸಾಲು ಕಾಣುತ್ತದೆ. ಎತ್ತರ, ಇಳಿಜಾರು, ವಿಭವಶಕ್ತಿ ಎಂದು ಹೇಳುವಾಗ ಕೈನೀಡಿ ತೋರಿಸಲು ಬೆಟ್ಟವೇ ಎದುರಿಗಿರುವುದು ಅನುಕೂಲ. ಪಾಠ ಬೇಸರ ತಂದಾಗ ವಿದ್ಯಾರ್ಥಿಗಳ ದೃಷ್ಟಿಯೂ ಅದೇ ಬೆಟ್ಟದ ಕಡೆಗೆ ಹೊರಳುವುದು ತೊಂದರೆ.

ಕೆಲಸ, ಶಕ್ತಿ, ಸಾಮರ್ಥ್ಯಗಳ ಪಾಠ ನಡೆದಿದ್ದ ಒಂದು ದಿನ ನಮ್ಮ ತರಗತಿಯಲ್ಲಿ ವಾದವೊಂದು ಎದ್ದಿತು. ಗೌರಿಬಿದನೂರಿನಿಂದ ಬರುವ ವಿದ್ಯಾರ್ಥಿಯ ಮನೆಯಲ್ಲಿ ಅವನ ದೊಡ್ಡಪ್ಪ ಕೊಂಡಿದ್ದ ಪ್ರೀಮಿಯರ್ ಪದ್ಮಿನಿ ಕಾರೊಂದು ಇಂದಿಗೂ ಟಾರ್ಪಾಲಿನ ಕೆಳಗೆ ನಿಂತಿದೆ. ಚಿಂತಾಮಣಿಯ ವಿದ್ಯಾರ್ಥಿಯ ಮನೆಯಲ್ಲಿ ಬಹುಕಾಲ ಬಾಡಿಗೆಗೆ ಓಡಿದ ಅಂಬಾಸಡರ್ ಇದೆ. ಎರಡರಲ್ಲಿ ಯಾವುದು ಹೆಚ್ಚು ಬಲಶಾಲಿ, ಯಾವುದು ಬೆಟ್ಟವನ್ನು ಬೇಗ ಹತ್ತೀತು ಎಂಬುದೇ ವಾದ. ಗಂಟೆ ಹೊಡೆದರೂ ಅದು ಮುಗಿಯಲಿಲ್ಲ.

ಈ ಗದ್ದಲದಲ್ಲಿ ಒಂದು ಮಾತನ್ನೂ ಆಡದೆ ಕುಳಿತಿದ್ದ ಶಿಡ್ಲಘಟ್ಟದ ವಿದ್ಯಾರ್ಥಿನಿಯೊಬ್ಬಳು ಎಲ್ಲರೂ ಹೋದ ಮೇಲೆ ನಮ್ಮ ಬಳಿಗೆ ಬಂದಳು. ಅವಳ ತಾತ ಹಿಂದೆ ಬಾಡಿಗೆ ಕಾರು ಓಡಿಸುತ್ತಿದ್ದರು. ಒಮ್ಮೆ ಐವರು ಪ್ರಯಾಣಿಕರನ್ನು ಕೂರಿಸಿಕೊಂಡು ನಂದಿಬೆಟ್ಟದಿಂದ ಇಳಿಯುವಾಗ, ಇನ್ನೇನು ತಪ್ಪಲು ಸಿಕ್ಕಿತೆನ್ನುವಷ್ಟರಲ್ಲಿ, ಬ್ರೇಕು ಹಿಡಿಯದೆ ಕಾರು ಪಕ್ಕದ ಮಣ್ಣಿನ ದಿಬ್ಬಕ್ಕೆ ನುಗ್ಗಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಒಬ್ಬರ ಕೈ ಮುರಿಯಿತು. ಪೆಡಲನ್ನು ಪೂರ್ತಿಯಾಗಿ ಒತ್ತಿದೆನೆಂದು ತಾತ ಹೇಳಿದರು. ಆದರೆ ಒಂದು ಗಂಟೆಯ ಅನಂತರ ಮೆಕ್ಯಾನಿಕ್ ಬಂದು ನೋಡಿದಾಗ ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿತ್ತು! "ಬ್ರೇಕು ಸರಿಯಾಗಿದೆ, ಡ್ರೈವರ್ ಒತ್ತಲೇ ಇಲ್ಲ" ಎಂದು ಸ್ಟ್ಯಾಂಡಿನ ಜನ ಆಡಿಕೊಂಡರು. ಆ ಕಾರನ್ನು ಬಿಟ್ಟು ಮತ್ತೊಂದರಲ್ಲಿ ಹೋಗಿದ್ದರೆ ಹೀಗಾಗುತ್ತಿರಲಿಲ್ಲವೆಂದು ಮನೆಯವರು ಹೇಳಿದರು. ತಾತ ಮತ್ತೆ ಸ್ಟೀರಿಂಗು ಹಿಡಿಯಲಿಲ್ಲ.

"ತಾತ ಸುಳ್ಳು ಹೇಳುವವರಲ್ಲ ಸರ್. ಹಾಗಾದರೆ ಕಾರಿನದೇ ತಪ್ಪೇ?" ಎಂದು ಅವಳು ಕೇಳಿದಳು.

ಅದು ಯಾವ ಕಾರೆಂಬುದನ್ನು ನಾವು ಇಲ್ಲಿ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೇಕಿಲ್ಲವೆಂಬುದು ಲೇಖನದ ಕೊನೆಯಲ್ಲಿ ಓದುಗರಿಗೆ ತಾನಾಗಿಯೇ ತಿಳಿದೀತು. ಹುಡುಗರ ವಾದಕ್ಕೂ ಈ ಹುಡುಗಿಯ ಪ್ರಶ್ನೆಗೂ ಉತ್ತರ ಒಂದೇ ಲೆಕ್ಕದಲ್ಲಿ ಅಡಗಿದೆ. ಆ ಲೆಕ್ಕವನ್ನು ಮೊದಲಿನಿಂದ ಮಾಡೋಣ.

ಇಬ್ಬರು ಸ್ಪರ್ಧಿಗಳು

ಅಂಬಾಸಡರಿನ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರು. ೧೯೪೨ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು ಕಲ್ಕತ್ತೆಯ ಸಮೀಪದ ಉತ್ತರಪಾಡಾದಲ್ಲಿ ೧೯೫೦ರ ದಶಕದ ಕೊನೆಯಿಂದ ೨೦೧೪ರ ಮೇ ತಿಂಗಳವರೆಗೆ ಇದನ್ನು ತಯಾರಿಸಿತು. ಈ ಅವಧಿಯಲ್ಲಿ ಯಂತ್ರಗಳು ಬದಲಾದವು, ಡೀಸೆಲ್ ಮಾದರಿಯೂ ಬಂದಿತು. ಆದರೆ ದುಂಡು ಬೆನ್ನಿನ ಆ ಆಕಾರ ಮಾತ್ರ ಬಹುಮಟ್ಟಿಗೆ ಹಾಗೆಯೇ ಉಳಿಯಿತು.

ಪದ್ಮಿನಿಯ ಮೂಲ ಇಟಲಿಯ ಫಿಯೆಟ್ ೧೧೦೦. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ಅದನ್ನು ತಯಾರಿಸುತ್ತಿತ್ತು. ೧೯೭೦ರ ದಶಕದ ನಡುವೆ 'ಪದ್ಮಿನಿ' ಎಂಬ ಹೆಸರು ಬಂದಿತಾದರೂ ನಮ್ಮ ಕಡೆಯ ಹಿರಿಯರು ಅದನ್ನು ಕರೆಯುವುದು 'ಫಿಯೆಟ್' ಎಂದೇ. ಇದರ ತಯಾರಿಕೆ ಎರಡು ಸಾವಿರದ ಇಸವಿಯ ಸುಮಾರಿಗೆ ನಿಂತಿತು. ಮುಂಬಯಿಯ ಟ್ಯಾಕ್ಸಿಗಳಾಗಿ ಉಳಿದಿದ್ದ ಕೊನೆಯ ಪದ್ಮಿನಿಗಳು ೨೦೨೩ರ ಅಕ್ಟೋಬರಿನಲ್ಲಿ ಬೀದಿಯಿಂದ ನಿವೃತ್ತವಾದವು.

ಈ ಎರಡನೆಯ ಕಾರಿನ ವಂಶವೃಕ್ಷದ ಒಂದು ಬೇರು ನಮ್ಮ ಜಿಲ್ಲೆಯಲ್ಲಿದೆ ಎಂಬುದು ಅನೇಕರಿಗೆ ತಿಳಿಯದು. ನಂದಿಬೆಟ್ಟದಿಂದ ದೂರವಿಲ್ಲದ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಯೂರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ನೋಡಿಬಂದು, ಭಾರತದಲ್ಲಿಯೇ ಮೋಟಾರುಗಳು ತಯಾರಾಗಬೇಕೆಂದು ಯೋಜನೆಯೊಂದನ್ನು ರೂಪಿಸಿದರು. ಆ ಪ್ರಯತ್ನದಲ್ಲಿ ಅವರೊಡನೆ ಸೇರಿದ ಉದ್ಯಮಿ ವಾಲ್‌ಚಂದ್ ಹೀರಾಚಂದರೇ ೧೯೪೪ರಲ್ಲಿ ಪ್ರೀಮಿಯರ್ ಸಂಸ್ಥೆಯನ್ನು ಸ್ಥಾಪಿಸಿದವರು.

ಈಗ ಅಂಕಿಗಳನ್ನು ನೋಡೋಣ. ಕಾಲಕಾಲಕ್ಕೆ ಮಾದರಿಗಳು ಬದಲಾದುದರಿಂದ ಅಂಕಿಗಳಲ್ಲಿಯೂ ಅಲ್ಪಸ್ವಲ್ಪ ವ್ಯತ್ಯಾಸ ಉಂಟು. ಬಹುಕಾಲ ಬಳಕೆಯಲ್ಲಿದ್ದ ಪೆಟ್ರೋಲ್ ಮಾದರಿಗಳನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ತೂಕ ಮತ್ತು ಅಶ್ವಶಕ್ತಿಗಳನ್ನು ಲೆಕ್ಕದ ಸೌಕರ್ಯಕ್ಕಾಗಿ ದುಂಡಗೆ ಮಾಡಿದ್ದೇವೆ.

ಉದ್ದ: ಅಂಬಾಸಡರ್ ೪೩೨೫ ಮಿ.ಮೀ.; ಪದ್ಮಿನಿ ೩೯೩೦ ಮಿ.ಮೀ.
ಅಗಲ: ಅಂಬಾಸಡರ್ ೧೬೬೨ ಮಿ.ಮೀ.; ಪದ್ಮಿನಿ ೧೪೬೦ ಮಿ.ಮೀ.
ಎತ್ತರ: ಅಂಬಾಸಡರ್ ೧೫೯೩ ಮಿ.ಮೀ.; ಪದ್ಮಿನಿ ೧೪೬೮ ಮಿ.ಮೀ.
ಖಾಲಿ ಕಾರಿನ ತೂಕ: ಅಂಬಾಸಡರ್ ಸುಮಾರು ೧೧೦೦ ಕಿ.ಗ್ರಾಂ.; ಪದ್ಮಿನಿ ಸುಮಾರು ೯೦೦ ಕಿ.ಗ್ರಾಂ.
ಸಿಲಿಂಡರುಗಳು: ಎರಡರಲ್ಲಿಯೂ ನಾಲ್ಕು
ಸಿಲಿಂಡರಿನ ವ್ಯಾಸ: ಅಂಬಾಸಡರ್ ೭೩ ಮಿ.ಮೀ.; ಪದ್ಮಿನಿ ೬೮ ಮಿ.ಮೀ.
ಪಿಸ್ಟನ್ನಿನ ಓಟ: ಅಂಬಾಸಡರ್ ೮೮.೯ ಮಿ.ಮೀ.; ಪದ್ಮಿನಿ ೭೫ ಮಿ.ಮೀ.
ಒಟ್ಟು ಗಾತ್ರ: ಅಂಬಾಸಡರ್ ೧೪೮೯ ಘನ ಸೆಂ.ಮೀ.; ಪದ್ಮಿನಿ ೧೦೮೯ ಘನ ಸೆಂ.ಮೀ.
ಗರಿಷ್ಠ ಸಾಮರ್ಥ್ಯ: ಅಂಬಾಸಡರ್ ಸುಮಾರು ೫೦ ಅಶ್ವಶಕ್ತಿ, ನಿಮಿಷಕ್ಕೆ ೪೨೦೦ ಸುತ್ತಿನಲ್ಲಿ, ಪದ್ಮಿನಿ ಸುಮಾರು ೪೦ ಅಶ್ವಶಕ್ತಿ, ನಿಮಿಷಕ್ಕೆ ೪೮೦೦ ಸುತ್ತಿನಲ್ಲಿ

ಎರಡರಲ್ಲಿಯೂ ಮುಂದಕ್ಕೆ ನಾಲ್ಕು ಗೇರುಗಳು. ಎರಡರಲ್ಲಿಯೂ ಯಂತ್ರ ಮುಂದೆ, ಓಡಿಸುವ ಚಕ್ರಗಳು ಹಿಂದೆ. ಎರಡರಲ್ಲಿಯೂ ನಾಲ್ಕು ಚಕ್ರಗಳಿಗೆ ಡ್ರಮ್ ಬ್ರೇಕು.

ಅಣ್ಣನೂ ತಮ್ಮನೂ

ಈ ಪಟ್ಟಿಯನ್ನು ಕಂಡೊಡನೆ ಚಿಂತಾಮಣಿಯ ಹುಡುಗ ಗೆದ್ದೆನೆಂದುಕೊಂಡನು. ಐವತ್ತು ನಲವತ್ತಕ್ಕಿಂತ ಹೆಚ್ಚಲ್ಲವೇ? ಆದರೆ ಬರಿಯ ಅಂಕಿಗಳನ್ನು ಹೋಲಿಸುವುದು ವಿಜ್ಞಾನವಲ್ಲ. ಹೋಲಿಸಬೇಕಾದದ್ದು ಪ್ರಮಾಣಗಳನ್ನು, ಎಂದರೆ ಒಂದು ಅಂಕಿಗೂ ಇನ್ನೊಂದಕ್ಕೂ ಇರುವ ಸಂಬಂಧವನ್ನು.

ಮೊದಲನೆಯದಾಗಿ ಸಾಮರ್ಥ್ಯವನ್ನು ತೂಕದಿಂದ ಭಾಗಿಸೋಣ. ಅಂಬಾಸಡರಿಗೆ ಒಂದು ಟನ್ನಿಗೆ ೪೫.೫ ಅಶ್ವಶಕ್ತಿ ದೊರೆಯುತ್ತದೆ, ಪದ್ಮಿನಿಗೆ ೪೪.೪. ಹತ್ತು ಅಶ್ವಶಕ್ತಿಯ ಅಂತರವು ಒಂದಕ್ಕೆ ಇಳಿಯಿತು!

ಎರಡನೆಯದು ಗಾಳಿಯ ತಡೆ. ನೇರವಾದ ಬಯಲು ರಸ್ತೆಯಲ್ಲಿ ವೇಗವಾಗಿ ಓಡುವ ಕಾರಿಗೆ ಮುಖ್ಯ ಶತ್ರು ಗಾಳಿ. ಕಾರಿನ ಮುಖ ಎಷ್ಟು ದೊಡ್ಡದೋ ತಡೆಯೂ ಅಷ್ಟು ಹೆಚ್ಚು. ಅಗಲವನ್ನು ಎತ್ತರದಿಂದ ಗುಣಿಸಿದರೆ ಅಂಬಾಸಡರಿಗೆ ೨.೬೫ ಚದರ ಮೀಟರು, ಪದ್ಮಿನಿಗೆ ೨.೧೪ ಚದರ ಮೀಟರು ಬರುತ್ತದೆ. ಕಾರಿನ ಮೂಲೆಗಳು ದುಂಡಾಗಿರುವುದರಿಂದ ನಿಜವಾದ ವಿಸ್ತೀರ್ಣ ಇದಕ್ಕಿಂತ ಕಡಿಮೆ; ಆದರೆ ನಮಗೆ ಬೇಕಾದದ್ದು ಪ್ರಮಾಣ ಮಾತ್ರ. ಪದ್ಮಿನಿಯ ಮುಖ ಅಂಬಾಸಡರಿನ ಮುಖದ ನೂರಕ್ಕೆ ೮೧ರಷ್ಟು. ಸಾಮರ್ಥ್ಯವೋ ನೂರಕ್ಕೆ ೮೦ರಷ್ಟು. ಎರಡರ ಆಕಾರವೂ ಗಾಳಿಯನ್ನು ಒಂದೇ ಬಗೆಯಾಗಿ ಸೀಳುತ್ತದೆಂದು ಭಾವಿಸಿದರೆ, ಎರಡರ ಗರಿಷ್ಠ ವೇಗವೂ ಒಂದೇ ಆಗಬೇಕು.

ಮೂರನೆಯದು ಪಿಸ್ಟನ್ನಿನ ವೇಗ. ಯಂತ್ರ ಒಂದು ಸುತ್ತು ತಿರುಗುವಾಗ ಪಿಸ್ಟನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಓಡುತ್ತದೆ. ಗರಿಷ್ಠ ಸಾಮರ್ಥ್ಯದ ಸುತ್ತಿನಲ್ಲಿ ಅದರ ಸರಾಸರಿ ವೇಗವು ಅಂಬಾಸಡರಿನಲ್ಲಿ ಸೆಕೆಂಡಿಗೆ ೧೨.೪ ಮೀಟರು, ಪದ್ಮಿನಿಯಲ್ಲಿ ೧೨ ಮೀಟರು. ಇಲ್ಲಿಯೂ ಹೆಚ್ಚು ವ್ಯತ್ಯಾಸವಿಲ್ಲ.

ಒಂದು ಇಂಗ್ಲೆಂಡಿನಲ್ಲಿ ಹುಟ್ಟಿತು, ಇನ್ನೊಂದು ಇಟಲಿಯಲ್ಲಿ. ಒಬ್ಬರ ನಕ್ಷೆಯನ್ನು ಇನ್ನೊಬ್ಬರು ನೋಡಿ ಬರೆದವರಲ್ಲ. ಆದರೂ ಪ್ರಮಾಣಗಳು ಇಷ್ಟು ಸಮೀಪಕ್ಕೆ ಬಂದುದೇಕೆ? ಒಂದೇ ಕಾಲದ ಎಂಜಿನಿಯರುಗಳ ಮುಂದೆ ಒಂದೇ ಬಗೆಯ ಲೋಹ, ಒಂದೇ ಬಗೆಯ ಪೆಟ್ರೋಲು, ಒಂದೇ ಬಗೆಯ ಮಿತಿಗಳು ಇದ್ದವು. ಪಿಸ್ಟನ್ನು ಮಿತಿಮೀರಿ ಓಡಿದರೆ ಬೇಗ ಸವೆಯುತ್ತದೆ. ಸಾಮರ್ಥ್ಯ ಹೆಚ್ಚಿಸಹೋದರೆ ಬೆಲೆ ಏರುತ್ತದೆ. ಹೀಗಿರಲು ಇಬ್ಬರೂ ಹೆಚ್ಚುಕಡಿಮೆ ಒಂದೇ ಒಪ್ಪಂದಕ್ಕೆ ಬಂದುದು ಸಹಜ. ಇವು ಎರಡು ಜಾತಿಯ ಪ್ರಾಣಿಗಳಲ್ಲ. ಅಳತೆಯಲ್ಲಿ ಮಾತ್ರ ಭೇದವಿರುವ ಅಣ್ಣ ತಮ್ಮಂದಿರು.

ಹೊರೆ ಬಂದಾಗ

ಹಾಗಾದರೆ ಅಂಬಾಸಡರು ಬಾಡಿಗೆಯ ಕಾರೆಂದೂ ಪದ್ಮಿನಿ ಸಂಸಾರದ ಕಾರೆಂದೂ ನಮ್ಮ ಊರುಗಳಲ್ಲಿ ಹೆಸರಾದುದು ಸುಮ್ಮನೆಯೇ? ಅಲ್ಲ. ನಾವು ಇಲ್ಲಿಯವರೆಗೆ ಖಾಲಿ ಕಾರುಗಳನ್ನು ಹೋಲಿಸಿದೆವು. ಖಾಲಿ ಕಾರು ಕಾಗದದ ಮೇಲೆ ಓಡುತ್ತದೆ. ರಸ್ತೆಯ ಮೇಲೆ ಓಡುವುದು ಜನ ತುಂಬಿದ ಕಾರು.

ಚಾಲಕನೂ ಸೇರಿ ಆರು ಮಂದಿ, ಒಬ್ಬೊಬ್ಬರೂ ೬೦ ಕಿ.ಗ್ರಾಂ. ತೂಕದವರು, ಹತ್ತಿ ಕುಳಿತರೆನ್ನೋಣ. ಎರಡು ಕಾರುಗಳಿಗೂ ೩೬೦ ಕಿ.ಗ್ರಾಂ. ಸೇರಿತು. ಅಂಬಾಸಡರು ೧೪೬೦ ಕಿ.ಗ್ರಾಂ. ಆಯಿತು, ಟನ್ನಿಗೆ ದೊರೆಯುವ ಸಾಮರ್ಥ್ಯ ೩೪.೨ ಅಶ್ವಶಕ್ತಿಗೆ ಇಳಿಯಿತು. ಪದ್ಮಿನಿ ೧೨೬೦ ಕಿ.ಗ್ರಾಂ. ಆಯಿತು, ಅದರ ಪಾಲು ೩೧.೭ಕ್ಕೆ ಇಳಿಯಿತು. ಹೊರೆ ಒಂದೇ, ಆದರೆ ಹಗುರ ಕಾರಿಗೆ ಅದರ ಬಾಧೆ ಹೆಚ್ಚು. ಖಾಲಿ ಇರುವಾಗ ಸಮನಾಗಿದ್ದ ಅಣ್ಣ ತಮ್ಮಂದಿರಲ್ಲಿ, ಮೂಟೆ ಹೊತ್ತಾಗ ಅಣ್ಣನು ನೂರಕ್ಕೆ ಎಂಟರಷ್ಟು ಮುಂದಾದನು.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಸರಕು ಒಯ್ಯುವವರಿಗೆ ಇನ್ನೊಂದು ಬಗೆಯ ಹೊರೆಯ ಪರಿಚಯ ಉಂಟು. ಗೂಡಿನ ಮೂಟೆಯಲ್ಲಿ ತೂಕಕ್ಕಿಂತ ಗಾತ್ರ ಹೆಚ್ಚು. ಕಾರಿನ ಮೇಲಿನ ಕ್ಯಾರಿಯರಿನಲ್ಲಿ ೧.೨ ಮೀಟರು ಅಗಲ, ೦.೪ ಮೀಟರು ಎತ್ತರದ ಮೂಟೆಯ ಸಾಲನ್ನು ಕಟ್ಟಿದರೆ ಗಾಳಿಗೆ ಎದುರಾಗುವ ಮುಖ ೦.೪೮ ಚದರ ಮೀಟರು ಹೆಚ್ಚುತ್ತದೆ. ಅಂಬಾಸಡರಿಗೆ ಇದು ನೂರಕ್ಕೆ ೧೮ರಷ್ಟು ಏರಿಕೆ, ಪದ್ಮಿನಿಗೆ ೨೨ರಷ್ಟು. ತೂಕದ ಪಾಠವನ್ನೇ ಗಾಳಿಯೂ ಹೇಳುತ್ತದೆ.

ಇನ್ನು ತಿರುಗುಬಲದ, ಎಂದರೆ ಟಾರ್ಕಿನ ಮಾತು. ಒಂದೇ ಬಗೆಯ ಯಂತ್ರಗಳಲ್ಲಿ ತಿರುಗುಬಲವು ಹೆಚ್ಚುಕಡಿಮೆ ಸಿಲಿಂಡರುಗಳ ಒಟ್ಟು ಗಾತ್ರಕ್ಕೆ ಅನುಗುಣವಾಗಿರುತ್ತದೆ. ಅಂಬಾಸಡರಿನ ಯಂತ್ರ ಪದ್ಮಿನಿಯದಕ್ಕಿಂತ ನೂರಕ್ಕೆ ೩೭ರಷ್ಟು ದೊಡ್ಡದು. ಕಾರಿನ ತೂಕವಾದರೋ ೨೨ರಷ್ಟು ಮಾತ್ರ ಹೆಚ್ಚು. ಆದುದರಿಂದ ಅಂಬಾಸಡರಿನ ಯಂತ್ರವು ಕಡಿಮೆ ಸುತ್ತಿನಲ್ಲಿಯೇ, ಗೇರು ಬದಲಿಸುವ ಅವಸರವಿಲ್ಲದೆ, ಎತ್ತಿನಂತೆ ಎಳೆಯುತ್ತದೆ. ಪದ್ಮಿನಿಯ ಯಂತ್ರ ತನ್ನ ಕೊರತೆಯನ್ನು ಹೆಚ್ಚು ಸುತ್ತು ತಿರುಗಿ ತುಂಬಿಕೊಳ್ಳುತ್ತದೆ. ಏರಿನಲ್ಲಿ ಅದನ್ನು ಬೇಗನೆ ಕೆಳಗಿನ ಗೇರಿಗೆ ಇಳಿಸಿದರೆ ಅದೂ ಚುರುಕಾಗಿ ಹತ್ತುತ್ತದೆ. ಮೇಲಿನ ಗೇರಿನಲ್ಲಿಯೇ ಎಳೆಯಿಸಹೋದರೆ ಏದುಸಿರು ಬಿಡುತ್ತದೆ. 'ಫಿಯೆಟ್ಟಿಗೆ ಡ್ರೈವರು ಬೇಕು, ಅಂಬಾಸಡರಿಗೆ ಕೂತರೆ ಸಾಕು' ಎಂದು ಚಿಂತಾಮಣಿಯ ಹುಡುಗ ಹೇಳಿದ್ದಕ್ಕೆ ಇದೇ ಅರ್ಥ.

ಪೆಟ್ರೋಲಿನಲ್ಲಿ ತಮ್ಮನದೇ ಮೇಲುಗೈ. ಚಾಲಕರು ಹೇಳುವ ಸ್ಥೂಲವಾದ ಲೆಕ್ಕದಂತೆ ಅಂಬಾಸಡರು ಲೀಟರಿಗೆ ಒಂಬತ್ತು ಹತ್ತು ಕಿ.ಮೀ. ಓಡಿದರೆ ಪದ್ಮಿನಿ ಹನ್ನೆರಡು ಹದಿಮೂರು ಕಿ.ಮೀ. ಓಡುತ್ತದೆ. ನಾಲ್ವರ ಸಂಸಾರಕ್ಕೆ ಅದೇ ಲೇಸು. ಆರು ಮಂದಿಯನ್ನು ಕೂರಿಸಿ ತಲೆಗಿಷ್ಟು ಎಂದು ಹಣ ಪಡೆಯುವ ಬಾಡಿಗೆಯವನಿಗಾದರೆ ಅಗಲವಾದ ಅಂಬಾಸಡರೇ ಲೇಸು. ಹೀಗೆ ಗೌರಿಬಿದನೂರಿನ ಮನೆಯೂ ಚಿಂತಾಮಣಿಯ ಮನೆಯೂ ತಮ್ಮತಮ್ಮ ಕೆಲಸಕ್ಕೆ ತಕ್ಕ ಕಾರನ್ನೇ ಆರಿಸಿಕೊಂಡಿದ್ದವು.

ಬೆಟ್ಟದ ಮೇಲಕ್ಕೆ

ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ ೧೪೭೮ ಮೀಟರು ಎತ್ತರದಲ್ಲಿದೆ. ರಸ್ತೆಯ ಏರು ೫೦೦ ಮೀಟರೆಂದೂ ಅದರ ಉದ್ದ ೮ ಕಿ.ಮೀ. ಎಂದೂ ಇಟ್ಟುಕೊಳ್ಳೋಣ. ಎಂದರೆ ಸರಾಸರಿಯಲ್ಲಿ ೧೬ ಮೀಟರು ಮುಂದೆ ಹೋದರೆ ಒಂದು ಮೀಟರು ಮೇಲೇರಬೇಕು.

ಆರು ಮಂದಿಯಿದ್ದ ಅಂಬಾಸಡರು ಗಂಟೆಗೆ ೩೦ ಕಿ.ಮೀ. ವೇಗದಲ್ಲಿ ಹತ್ತಲು, ಟಯರುಗಳ ತಡೆಯೂ ಸೇರಿ, ಸುಮಾರು ೧೨.೪ ಅಶ್ವಶಕ್ತಿ ಸಾಕು; ಪದ್ಮಿನಿಗೆ ೧೦.೭ ಸಾಕು. ಐವತ್ತು, ನಲವತ್ತು ಅಶ್ವಶಕ್ತಿಯ ಯಂತ್ರಗಳಿಗೆ ಇದು ದೊಡ್ಡ ಮಾತೇ? ಆದರೆ ಆ ಪೂರ್ಣ ಸಾಮರ್ಥ್ಯ ದೊರೆಯುವುದು ಯಂತ್ರ ಅತಿ ಹೆಚ್ಚು ಸುತ್ತು ತಿರುಗುವಾಗ ಮಾತ್ರ. ಅಲ್ಲದೆ ನಮ್ಮ ಸೀಮೆಯ ಎತ್ತರವೂ ಒಂದು ಸುಂಕವನ್ನು ವಸೂಲು ಮಾಡುತ್ತದೆ. ಚಿಕ್ಕಬಳ್ಳಾಪುರವಿರುವ ಸುಮಾರು ೯೦೦ ಮೀಟರು ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದಕ್ಕಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ. ಗಾಳಿ ತೆಳುವಾದಷ್ಟೂ ಸಿಲಿಂಡರಿಗೆ ಸೇರುವ ಆಮ್ಲಜನಕ ಕಡಿಮೆಯಾಗಿ ಸಾಮರ್ಥ್ಯವೂ ಕುಗ್ಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಈ ನಷ್ಟ ಏಳರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಹೋಗುತ್ತದೆ. ಎರಡು ಕಾರುಗಳೂ ಈ ಸುಂಕವನ್ನು ಒಂದೇ ದರದಲ್ಲಿ ತೆರುತ್ತವೆ. ಕೊನೆಗೆ ಎರಡೂ ಹತ್ತುತ್ತವೆ; ಯಾವುದು ಮೊದಲೆಂಬುದನ್ನು ಹೊರೆಯೂ ಚಾಲಕನ ಗೇರಿನ ಕೈಯೂ ನಿರ್ಣಯಿಸುತ್ತವೆ.

ಬೆಟ್ಟದ ಕೆಳಕ್ಕೆ

ಹುಡುಗರ ವಾದ ಇಲ್ಲಿಗೆ ಮುಗಿಯಿತು. ಹುಡುಗಿಯ ಪ್ರಶ್ನೆ ಇಲ್ಲಿಂದ ಆರಂಭವಾಗುತ್ತದೆ.

ತಾತನವರು ಬೆಟ್ಟವನ್ನು ಹೇಗೆ ಇಳಿದರೆಂದು ವಿಚಾರಿಸಿಕೊಂಡು ಬರುವಂತೆ ನಾವು ಅವಳಿಗೆ ಹೇಳಿದೆವು. ಮರುದಿನ ಉತ್ತರ ಬಂದಿತು. ಯಂತ್ರವನ್ನು ಆರಿಸಿ, ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಬ್ರೇಕನ್ನು ಮೆಲ್ಲಗೆ ಅದುಮಿಕೊಂಡೇ ಇಳಿದರು. ಪೆಟ್ರೋಲು ಉಳಿಯುತ್ತದೆಂದು ಆ ಕಾಲದಲ್ಲಿ ಸ್ಟ್ಯಾಂಡಿನವರು ಬಹುಮಂದಿ ಮಾಡುತ್ತಿದ್ದುದು ಹಾಗೆಯೇ.

ಶಕ್ತಿಯು ನಾಶವಾಗುವುದಿಲ್ಲ ಎಂಬುದು ಹೈಸ್ಕೂಲಿನ ವಿದ್ಯಾರ್ಥಿಗಳಿಗೂ ತಿಳಿದ ನಿಯಮ. ೧೪೬೦ ಕಿ.ಗ್ರಾಂ. ತೂಕದ ಕಾರನ್ನು ೫೦೦ ಮೀಟರು ಮೇಲಕ್ಕೆ ಒಯ್ದಾಗ ಅದರಲ್ಲಿ ೭೧.೫ ಲಕ್ಷ ಜೂಲುಗಳಷ್ಟು ವಿಭವಶಕ್ತಿ ಸಂಚಯವಾಗಿರುತ್ತದೆ. ಪದ್ಮಿನಿಯಾದರೆ ಸುಮಾರು ೬೨ ಲಕ್ಷ. ಹತ್ತುವಾಗ ಪೆಟ್ರೋಲು ಕೊಟ್ಟ ಸಾಲವಿದು. ಇಳಿಯುವಾಗ ಇದನ್ನು ಎಲ್ಲಿಯಾದರೂ ತೀರಿಸಲೇಬೇಕು. ಟಯರುಗಳ ಉರುಳುಘರ್ಷಣೆ ಸುಮಾರು ೧೭ ಲಕ್ಷ ಜೂಲುಗಳನ್ನು ನುಂಗುತ್ತದೆ. ಮೆಲ್ಲಗೆ ಇಳಿಯುವ ಕಾರಿಗೆ ಗಾಳಿಯ ತಡೆ ಅಲ್ಪ. ಉಳಿದ ೫೪ ಲಕ್ಷ ಜೂಲುಗಳು ಎಲ್ಲಿಗೆ ಹೋಗಬೇಕು? ಗೇರು ನ್ಯೂಟ್ರಲ್ಲಿನಲ್ಲಿದ್ದರೆ ಅವುಗಳಿಗೆ ಇರುವ ದಾರಿ ಒಂದೇ: ಬ್ರೇಕಿನ ಡ್ರಮ್ಮು.

ನಾಲ್ಕು ಡ್ರಮ್ಮುಗಳ ಕಬ್ಬಿಣ ಒಟ್ಟು ೩೦ ಕಿ.ಗ್ರಾಂ. ಎಂದು ಭಾವಿಸೋಣ. ಒಂದು ಕಿ.ಗ್ರಾಂ. ಕಬ್ಬಿಣವನ್ನು ಒಂದು ಡಿಗ್ರಿ ಕಾಯಿಸಲು ೪೬೦ ಜೂಲು ಬೇಕು. ಶಾಖವೆಲ್ಲ ಡ್ರಮ್ಮುಗಳಲ್ಲಿಯೇ ಉಳಿದರೆ ಅವುಗಳ ತಾಪ ೩೯೦ ಡಿಗ್ರಿ ಸೆಂಟಿಗ್ರೇಡಿನಷ್ಟು ಏರಬೇಕು! ಹದಿನಾರು ನಿಮಿಷಗಳ ಇಳಿತದಲ್ಲಿ ಅರ್ಧ ಶಾಖ ಗಾಳಿಗೆ ಹೋಯಿತೆಂದರೂ ಸುಮಾರು ೨೦೦ ಡಿಗ್ರಿ ಏರುತ್ತದೆ. ಬ್ರೇಕಿನ ಭಾರ ಹೆಚ್ಚಾಗಿ ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ ಆ ಡ್ರಮ್ಮುಗಳು ಇನ್ನೂ ಹೆಚ್ಚು ಕಾಯುತ್ತವೆ.

ಕಾದ ಬ್ರೇಕಿನಲ್ಲಿ ಮೂರು ಕೇಡುಗಳು ಒಟ್ಟಿಗೆ ಸಂಭವಿಸುತ್ತವೆ. ಮೊದಲನೆಯದಾಗಿ, ಬ್ರೇಕಿನ ಪಟ್ಟಿಯ ಹಿಡಿತ ಕುಂದುತ್ತದೆ. ಎರಡನೆಯದಾಗಿ, ಡ್ರಮ್ಮು ಹಿಗ್ಗುತ್ತದೆ. ೨೦ ಸೆಂ.ಮೀ. ವ್ಯಾಸದ ಕಬ್ಬಿಣದ ಡ್ರಮ್ಮು ೨೦೦ ಡಿಗ್ರಿ ಕಾದರೆ ಅದರ ವ್ಯಾಸ ಅರ್ಧ ಮಿ.ಮೀ.ನ ಹತ್ತಿರ ಹೆಚ್ಚುತ್ತದೆ. ಪಟ್ಟಿಯನ್ನು ಒಳಗಿನಿಂದ ಹೊರಕ್ಕೆ ಒತ್ತಿ ಹಿಡಿಯುವ ಈ ಬಗೆಯ ಬ್ರೇಕಿನಲ್ಲಿ, ಡ್ರಮ್ಮು ಪಟ್ಟಿಯಿಂದ ದೂರ ಸರಿದಷ್ಟೂ ಪೆಡಲು ಕೆಳಕ್ಕೆ ಇಳಿಯುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು. ಪೆಡಲಿನ ಒತ್ತಡವನ್ನು ಚಕ್ರಗಳಿಗೆ ಒಯ್ಯುವುದು ಕೊಳವೆಗಳಲ್ಲಿರುವ ಬ್ರೇಕ್ ಆಯಿಲು. ದ್ರವವನ್ನು ಅದುಮಿ ಕುಗ್ಗಿಸಲಾಗದು. ಆದುದರಿಂದಲೇ ಇಲ್ಲಿ ಒತ್ತಿದ್ದು ಅಲ್ಲಿಗೆ ಮುಟ್ಟುತ್ತದೆ. ಈ ಆಯಿಲು ಗಾಳಿಯಿಂದ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ಮೂರನೆಯ ದರ್ಜೆಯದೆಂದು ಮಾರುವ ಬ್ರೇಕ್ ಆಯಿಲಿಗೆ ನಿಗದಿಯಾಗಿರುವ ಕನಿಷ್ಠ ಕುದಿಯುವ ಬಿಂದು, ಹೊಸದಾಗಿರುವಾಗ ೨೦೫ ಡಿಗ್ರಿ. ನೀರನ್ನು ಹೀರಿಕೊಂಡ ಮೇಲೆ ೧೪೦ ಡಿಗ್ರಿ ಮಾತ್ರ. ಕಾದ ಡ್ರಮ್ಮಿನ ಪಕ್ಕದಲ್ಲಿ ಅದು ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಆವಿಯನ್ನು ಅದುಮಿದರೆ ಅದು ಕುಗ್ಗುತ್ತದೆ. ಚಾಲಕ ಪೆಡಲನ್ನು ಪೂರ್ತಿಯಾಗಿ ಒತ್ತುತ್ತಾನೆ. ಪೆಡಲು ನೆಲವನ್ನು ಮುಟ್ಟುತ್ತದೆ. ಕುಗ್ಗಿದ್ದು ಗುಳ್ಳೆಗಳು ಮಾತ್ರ, ಚಕ್ರಕ್ಕೆ ಏನೂ ತಲುಪುವುದಿಲ್ಲ.

ಅನಂತರ? ಕಾರು ನಿಲ್ಲುತ್ತದೆ. ಗಂಟೆಯೊಂದು ಕಳೆಯುತ್ತದೆ. ಡ್ರಮ್ಮು ತಣಿಯುತ್ತದೆ, ಆವಿ ಮತ್ತೆ ದ್ರವವಾಗುತ್ತ ಬರುತ್ತದೆ, ಹಿಗ್ಗಿದ ಕಬ್ಬಿಣ ಮೊದಲಿನಂತಾಗುತ್ತದೆ. ಮೆಕ್ಯಾನಿಕ್ ಬಂದು ಪೆಡಲನ್ನು ಒತ್ತಿದಾಗ ಬ್ರೇಕು ಚೆನ್ನಾಗಿ ಹಿಡಿಯುತ್ತದೆ! ತಪ್ಪಿಗೆ ಸಾಕ್ಷಿಯೇ ಉಳಿಯುವುದಿಲ್ಲ. ತಾತನವರು ಪೆಡಲನ್ನು ಒತ್ತಿದೆನೆಂದು ಹೇಳಿದ್ದೂ ಬ್ರೇಕು ಸರಿಯಾಗಿದೆಯೆಂದು ಮೆಕ್ಯಾನಿಕ್ ಹೇಳಿದ್ದೂ ಏಕಕಾಲದಲ್ಲಿ ನಿಜವಾಗಿರಬಲ್ಲವು.

ಇನ್ನು ಕಾರಿನ ತಪ್ಪೇ ಎಂಬ ಪ್ರಶ್ನೆ. ಇದೇ ಲೆಕ್ಕವನ್ನು ಪದ್ಮಿನಿಗೆ ಮಾಡಿದರೆ ಡ್ರಮ್ಮುಗಳಿಗೆ ಬರುವ ಶಾಖ ೫೪ರ ಬದಲು ೪೭ ಲಕ್ಷ ಜೂಲು. ಅಷ್ಟೇ ಕಬ್ಬಿಣವೆಂದುಕೊಂಡರೂ ತಾಪ ೩೪೦ ಡಿಗ್ರಿ ಏರಬೇಕು. ಚಿಕ್ಕ ಕಾರಿನ ಡ್ರಮ್ಮೂ ಹಗುರವಾಗಿದ್ದರೆ ಅಂತರ ಇನ್ನೂ ಕಡಿಮೆ. ಆ ದಿನ ಯಾವ ಕಾರಿದ್ದರೂ ನಡೆಯುತ್ತಿದ್ದುದು ಅದೇ.

ಯಂತ್ರವೆಂಬ ಬ್ರೇಕು

ಹಾಗಾದರೆ ಪ್ರತಿದಿನವೂ ಬೆಟ್ಟ ಇಳಿಯುವವರು ಬದುಕಿ ಬರುವುದು ಹೇಗೆ? ಗಂಟೆಗೆ ೩೦ ಕಿ.ಮೀ. ವೇಗದಲ್ಲಿ ಇಳಿಯುವ ಅಂಬಾಸಡರನ್ನು ತಡೆದಿಡಲು, ಟಯರುಗಳ ಪಾಲು ಕಳೆದ ಮೇಲೆ, ಬೇಕಾದದ್ದು ಸುಮಾರು ೭.೬ ಅಶ್ವಶಕ್ತಿ, ಪದ್ಮಿನಿಗೆ ೬.೬. ಇದನ್ನು ಹೀರುವ ಸಾಧನವೊಂದು ಕಾರಿನಲ್ಲಿಯೇ ಇದೆ. ಅದು ಯಂತ್ರ!

ಕೆಳಗಿನ ಗೇರನ್ನು ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪಾತ್ರಗಳು ಅದಲುಬದಲಾಗುತ್ತವೆ. ಯಂತ್ರವು ಚಕ್ರಗಳನ್ನು ತಿರುಗಿಸುವ ಬದಲು ಚಕ್ರಗಳೇ ಯಂತ್ರವನ್ನು ತಿರುಗಿಸತೊಡಗುತ್ತವೆ. ಮುಚ್ಚಿದ ಕವಾಟದ ಹಿಂದಿನಿಂದ ಗಾಳಿಯನ್ನು ಎಳೆಯುವ ಶ್ರಮ, ಪಿಸ್ಟನ್ನುಗಳ ಮತ್ತು ಬೇರಿಂಗುಗಳ ಘರ್ಷಣೆ, ಇವೆಲ್ಲ ಬೆಟ್ಟದ ಶಕ್ತಿಯನ್ನು ನುಂಗುತ್ತವೆ. ಹುಟ್ಟಿದ ಶಾಖವನ್ನು ಹೊರಹಾಕಲು ರೇಡಿಯೇಟರಿದೆ, ನೀರಿದೆ, ಫ್ಯಾನಿದೆ. ಡ್ರಮ್ಮಿಗೆ ಇವು ಯಾವುವೂ ಇಲ್ಲ. ಹೀಗೆ ಇಳಿದರೆ ಬ್ರೇಕಿಗೆ ಉಳಿಯುವ ಕೆಲಸ ತಿರುವುಗಳಲ್ಲಿ ಮತ್ತು ಕಡಿದಾದ ಎಡೆಗಳಲ್ಲಿ ಮಾತ್ರ. ನಡುನಡುವೆ ಅದು ತಣಿಯುತ್ತದೆ.

'ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ' ಎಂಬ ಹಳೆಯ ಚಾಲಕರ ನಿಯಮದ ಒಳಗೆ ಇಷ್ಟು ವಿಜ್ಞಾನ ಅಡಗಿದೆ. ಡಿಸ್ಕ್ ಬ್ರೇಕಿರುವ ಇಂದಿನ ಕಾರುಗಳಿಗೂ ಈ ನಿಯಮ ತಪ್ಪಿದ್ದಲ್ಲ. ವಿಭವಶಕ್ತಿಗೆ ಕಾರಿನ ಇಸವಿ ತಿಳಿಯದು.

ನಾವು ಈ ಲೆಕ್ಕವನ್ನೆಲ್ಲ ಎರಡು ಹಾಳೆಗಳಲ್ಲಿ ಬರೆದು ಆ ವಿದ್ಯಾರ್ಥಿನಿಯ ಕೈಗೆ ಕೊಟ್ಟೆವು. ತಾತನವರು ಪೆಡಲು ಒತ್ತಿದೆನೆಂದದ್ದು ನಂಬತಕ್ಕ ಮಾತು. ಕಾರಿನ ಮೇಲೆ ದೋಷ ಹೊರಿಸಬೇಕಾಗಿಲ್ಲ. ತಪ್ಪಿದ್ದುದು ಇಳಿಯುವ ಪದ್ಧತಿಯಲ್ಲಿ, ಅದೂ ಅವರೊಬ್ಬರದಲ್ಲ, ಸ್ಟ್ಯಾಂಡಿನ ಬಹುಮಂದಿಯದು ಎಂದು ಕೊನೆಯಲ್ಲಿ ಬರೆದಿದ್ದೆವು. ವಾರದ ಅನಂತರ ಅವಳು ಬಂದು, ಹಾಳೆಗಳನ್ನು ತಾತ ಎರಡು ಸಲ ಓದಿಸಿಕೊಂಡರೆಂದೂ ಒಂದೇ ಒಂದು ಪ್ರಶ್ನೆ ಕೇಳಿದರೆಂದೂ ಹೇಳಿದಳು. "ಗೇರಿನಲ್ಲೇ ಇಳಿದಿದ್ದರೆ ಪೆಟ್ರೋಲು ಎಷ್ಟು ಹೆಚ್ಚು ಹೋಗುತ್ತಿತ್ತು?"

ಹದಿನಾರು ನಿಮಿಷಗಳ ಇಳಿತಕ್ಕೆ ಅದು ಅರ್ಧ ಲೀಟರನ್ನು ಮೀರದೆಂದು ನಾವು ಲೆಕ್ಕ ಹಾಕಿ ಹೇಳಿಕಳುಹಿಸಿದೆವು.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳು ತಮ್ಮ ಮನೆಯ ಕಾರಿನದೋ ಊರಿನ ಬಸ್ಸಿನದೋ ತೂಕವನ್ನು ವಿಚಾರಿಸಿ ಇದೇ ಲೆಕ್ಕವನ್ನು ತಾವೇ ಮಾಡಿನೋಡಲಿ. ನಂದಿಬೆಟ್ಟಕ್ಕೆ ಹೋದಾಗ ಇಳಿಯುವ ದಾರಿಯಲ್ಲಿ ಯಂತ್ರದ ಗುಂಯ್ ಎಂಬ ಸದ್ದು ಕೇಳುತ್ತಿದೆಯೇ ಎಂದು ಕಿವಿಗೊಡಲಿ. ಕೇಳುತ್ತಿದ್ದರೆ ನಿಶ್ಚಿಂತರಾಗಿ ಹೊರಗಿನ ನೋಟವನ್ನು ನೋಡಬಹುದು. ಸದ್ದಿಲ್ಲದೆ, ಬ್ರೇಕು ಕಾದ ವಾಸನೆ ಮಾತ್ರ ಬರುತ್ತಿದ್ದರೆ, ಹಿರಿಯರಾದರೂ ಚಾಲಕರಿಗೆ ಕೂಡಲೇ ಹೇಳಬೇಕು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಬೇಕು.